ಅಪ್ಪನಿಗೆ ಯಾರೋ ಓಗೊಟ್ಟರು

ಚಿತ್ರೋತ್ಸವದವರು ಕೊಟ್ಟ ಕೋಣೆ, ಮೇಲಿನ ಮಹಡಿ
ಮಾರ್ಚ್ ೧೪, ಶುಕ್ರವಾರ, ಬೆಳಿಗ್ಗೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಕಾಲಿನ ಊತ ಇಳಿಯಿತೇ? ಡಾಕ್ಟರಮ್ಮ ಹೇಳಿದ ಹಾಗೆ ಎಡ ಮಗ್ಗುಲಿಗೆ ಮಲಗುತ್ತಿದ್ದೀಯೋ, ಇಲ್ಲ ಅಂಗಾತ ಬಿದ್ದುಕೊಂಡು ಫೋನು ನೋಡುತ್ತಿದ್ದೀಯೋ? ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಲು ಸ್ಟೂಲು ಹತ್ತಬೇಡ. ಮಗುವಿನ ಬಟ್ಟೆ ಅದರಲ್ಲಿಲ್ಲ, ನಾನು ಹೊಲಿದು ಕೊಟ್ಟದ್ದೆಲ್ಲ ಕೆಳಗಿನ ಕಪಾಟಿನಲ್ಲೇ ಇದೆ. ಆ ಸ್ಟೂಲಿನ ಒಂದು ಕಾಲು ಅಲ್ಲಾಡುತ್ತದೆಂದು ಹೊರಡುವ ದಿನ ಭಾವನಿಗೆ ಹೇಳಿ ಬಂದಿದ್ದೆ. ಅವರು ಹೂಂ ಅಂದರು, ಆದರೆ ಪೇಪರು ಓದುತ್ತಾ ಅಂದ ಹೂಂ ಅದು. ಬಚ್ಚಲ ನೆಲ ಒರೆಸದೆ ಕಾಲಿಡಬೇಡ. ಇಷ್ಟು ದೂರ ಕೂತು ನಾನು ನಿನ್ನ ಬಚ್ಚಲು ನೆನೆಸಿಕೊಂಡು ಬೆವರುತ್ತಿದ್ದೇನೆ, ನಗಬೇಡ.

ಫೋನಿನಲ್ಲಿ ಹೇಳಬಾರದೇ ಎನ್ನುತ್ತೀ. ಫೋನು ಕಿವಿಗಿಟ್ಟರೆ ನನಗೆ ಮಾತಿನ ತುದಿ ಸಿಗುವುದಿಲ್ಲ. ಅದಲ್ಲದೆ ಇತ್ತೀಚೆಗೆ ಫೋನಿನಲ್ಲಿ ನಾವಿಬ್ಬರೂ ಶಾಲೆಯ ಭಾಷೆಗೇ ಜಾರಿಬಿಡುತ್ತೇವೆ, ನೀನು ಗಮನಿಸಿದ್ದೀಯೋ ಇಲ್ಲವೋ. ನಮ್ಮ ಮಾತಿಗೆ ಅಕ್ಷರವಿಲ್ಲ, ಆದ್ದರಿಂದ ಇದನ್ನೂ ಶಾಲೆಯ ಭಾಷೆಯಲ್ಲೇ ಬರೆಯುತ್ತಿದ್ದೇನೆ. ಐದನೇ ಕ್ಲಾಸಿಗೇ ಪಾಟೀಚೀಲ ಗೂಟಕ್ಕೆ ನೇತುಹಾಕಿದವನ ಬರಹ. ತಪ್ಪು ಕಂಡಲ್ಲಿ ನುಂಗಿಕೊ.

ನೀನು ಬರಬೇಕಾಗಿದ್ದ ಜಾಗದಲ್ಲಿ ನಾನಿದ್ದೇನೆ, ಅದೇ ಮೊದಲನೇ ಫಜೀತಿ. ಕುತ್ತಿಗೆಗೆ ಹಾಕಿದ ಚೀಟಿಯಲ್ಲಿ ನಿನ್ನ ಹೆಸರಿನ ಕೆಳಗೆ 'ನಿರ್ದೇಶಕಿ' ಎಂದು ಅಚ್ಚಾಗಿದೆ. ಬದಲಾಯಿಸಿ ಕೊಡಿ ಎಂದು ಕೇಳಲು ಸಂಕೋಚವಾಗಿ ಸುಮ್ಮನಾದೆ. ಈಗ ಇಲ್ಲಿನವರೆಲ್ಲ, 'ನಿರ್ದೇಶಕಿಯವರೇ, ಕಾಫಿ ಆಯ್ತಾ?' ಎಂದು ನನ್ನ ಮೀಸೆ ನೋಡಿಕೊಂಡೇ ಕೇಳುತ್ತಾರೆ. ಬಂದವರೆಲ್ಲ ನಮ್ಮಂಥವರೇ. ಕಾಡಿನವರು, ಹಿಮದವರು, ನಡುಗಡ್ಡೆಯವರು, ತಮ್ಮ ತಮ್ಮ ಹಿರಿಯರನ್ನು ತಾವೇ ಚಿತ್ರ ಹಿಡಿದುಕೊಂಡು ಬಂದವರು. ಊಟದ ಮೇಜಿನಲ್ಲಿ ನನ್ನ ಎದುರು ನಡುಗಡ್ಡೆಯ ಅಜ್ಜಿಯೊಬ್ಬಳು ಕೂರುತ್ತಾಳೆ. ಅವಳ ಮೊಮ್ಮಗ ಅವಳ ದೋಣಿಯ ಮೇಲೆ ಚಿತ್ರ ಮಾಡಿದ್ದಾನೆ. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ಅವಳು ಬೆಣ್ಣೆ ನನ್ನ ಕಡೆ ತಳ್ಳುತ್ತಾಳೆ, ನಾನು ಉಪ್ಪು ಅವಳ ಕಡೆ ತಳ್ಳುತ್ತೇನೆ. ಬಂದಾಗಿನಿಂದ ನಮ್ಮ ಸಂಸಾರ ಬೆಣ್ಣೆ ಉಪ್ಪಿನಲ್ಲೇ ನಡೆದಿದೆ. ಆದರೆ ಸಂಜೆಯಾದರೆ ಅವಳು, ಮೊಮ್ಮಗ, ಮೊಮ್ಮಗನ ಗೆಳೆಯ ಮೆಟ್ಟಿಲ ಮೇಲೆ ಕೂತು ತಮ್ಮ ಮಾತಿನಲ್ಲಿ ಯಾರನ್ನೋ ಆಡಿಕೊಂಡು ನಗುತ್ತಾರೆ. ನಾನು ಕೋಣೆಗೆ ಬಂದು ನಲ್ಲಿ ಸರಿಯಾಗಿ ಮುಚ್ಚಿದ್ದೇನೋ ಎಂದು ನೋಡುತ್ತೇನೆ. ನಿನ್ನೆ ಕನ್ನಡಿಯೆದುರು ನಮ್ಮ ಮಾತಿನಲ್ಲಿ ಒಂದೆರಡು ಸಾಲು ಮಾತಾಡಿ ನೋಡಿದೆ. ಬಾಯಿ ಅಲ್ಲಾಡಿತು, ಆದರೆ ಉತ್ತರ ಬರುವುದಿಲ್ಲವೆಂದು ಗೊತ್ತಿದ್ದ ಮಾತು ಅರ್ಧಕ್ಕೇ ನಿಂತುಹೋಯಿತು. ಅಪ್ಪ ಹೋದ ಮೇಲೆ ಈ ಮಾತು ಬಲ್ಲವರು ನೀನು, ನಾನು. ಅಷ್ಟೇ ಎಂದುಕೊಂಡಿದ್ದೆ, ಬುಧವಾರದವರೆಗೆ.

ಬುಧವಾರ ನಮ್ಮ ಚಿತ್ರದ ಮೊದಲನೇ ಆಟ. ಸಭಾಂಗಣ ಸುಮಾರಾಗಿ ತುಂಬಿತ್ತು. ಪರದೆಯ ಬಟ್ಟೆ ಒಂದು ಮೂಲೆಯಲ್ಲಿ ಸುಕ್ಕಾಗಿತ್ತು, ಅದು ಬಿಟ್ಟರೆ ದೋಷವಿಲ್ಲ. ಅಪ್ಪ ಜಗಲಿಯ ಮೇಲೆ ಕೂತು ಗೂಬೆಯ ಕಥೆ ಶುರುಮಾಡಿದರು. ತನ್ನ ನಿದ್ದೆಯನ್ನು ನದಿಗೆ ಎರವಲು ಕೊಟ್ಟ ಗೂಬೆ. ಅಷ್ಟು ದೊಡ್ಡ ಮುಖ, ಪುಟ್ಟೀ. ಗಡ್ಡದ ಒಂದೊಂದು ಕೂದಲೂ ಕಾಣುತ್ತದೆ. ಆಮೇಲೆ ಆ ಜಾಗ ಬಂತು. ಚಿತ್ರ ಹಿಡಿಯುವಾಗ ಯಾರೂ ಸದ್ದು ಮಾಡಬಾರದೆಂದು ನೀನು ಬೆರಳು ತುಟಿಗಿಟ್ಟಿದ್ದೆ, ನಾನು ಮೈಕಿನ ಕೋಲು ಹಿಡಿದು ಉಸಿರು ಕಟ್ಟಿ ನಿಂತಿದ್ದೆ. ನಡುನಡುವೆ ಓಗೊಡುವವರಿಲ್ಲದೆ ಅಪ್ಪನ ಕಥೆ ಮುಂದೆ ಹೋಗಲಿಲ್ಲ. ಮಾತು ನಿಲ್ಲಿಸಿ ನೇರ ಕ್ಯಾಮೆರಾ ನೋಡಿ ಕೇಳಿದರಲ್ಲ, 'ಯಾರಾದ್ರೂ ಇದ್ದೀರೇನ್ರೋ ಅಲ್ಲಿ, ಇಲ್ಲ ನಾನು ಈ ಕಂಬಕ್ಕೆ ಹೇಳ್ತಾ ಇದ್ದೀನಾ?'

ನೀನು ಪರದೆಯ ಕೆಳಗೆ ಬರುವ ಅನುವಾದದ ಅಕ್ಷರಗಳನ್ನು ಬೇಕೆಂದೇ ಒಂದು ಉಸಿರು ತಡವಾಗಿ ಇಟ್ಟಿದ್ದೀಯ. ಅಪ್ಪನ ಧ್ವನಿ ಮೊದಲು ಕಿವಿಗೆ ಬೀಳಲಿ, ಅರ್ಥ ಆಮೇಲೆ ಬರಲಿ ಎಂದಿದ್ದೆ. ಆಗ ನಾನು, ಜನ ತಪ್ಪು ತಿಳಿಯುತ್ತಾರೆ ಎಂದು ವಾರವೆಲ್ಲ ಗೊಣಗಿದ್ದೆ. ಈಗ ಕೇಳು. ಅಪ್ಪ ಕೇಳಿ ಮುಗಿಸಿದ್ದರು, ಅಕ್ಷರ ಇನ್ನೂ ಬಂದಿರಲಿಲ್ಲ, ಇಡೀ ಸಭಾಂಗಣ ಸುಮ್ಮನಿತ್ತು. ಆಗ ಕತ್ತಲಲ್ಲಿ ಯಾರೋ ಓಗೊಟ್ಟರು. ಹೂಂ ಎಂದು ಉಸಿರು ಹೊರಗೆ ಬಿಡುವ ಹಾಗಲ್ಲ. ನಾವು ಮಾಡುತ್ತೇವಲ್ಲ, ಉಸಿರನ್ನು ಗಂಟಲೊಳಗೆ ಎಳೆದುಕೊಂಡು, ಹಾಗೆ. ಆಮೇಲೆ ಅಕ್ಷರ ಬಂತು, ಆಮೇಲೆ ಜನ ನಕ್ಕರು.

ದೀಪ ಹತ್ತಿದ ಮೇಲೆ ವೇದಿಕೆಗೆ ಕರೆದು ಏನೇನೋ ಕೇಳಿದರು. ಕ್ಯಾಮೆರಾ ಯಾವುದು ಎಂದೊಬ್ಬರು, ಕಾಡು ಎಷ್ಟು ಉಳಿದಿದೆ ಎಂದೊಬ್ಬರು. ನಾನು ಉತ್ತರ ಹೇಳುತ್ತಾ ಒಬ್ಬೊಬ್ಬರ ಮುಖವನ್ನೂ ನೋಡಿದೆ. ನಮ್ಮ ಮಾತಿನಲ್ಲೇ, 'ಈಗ ಓಗೊಟ್ಟದ್ದು ಯಾರು?' ಎಂದು ಕೇಳಿಯೂಬಿಟ್ಟೆ. ಎಲ್ಲರೂ ಮರ್ಯಾದೆಯಿಂದ ಚಪ್ಪಾಳೆ ತಟ್ಟಿದರು. ಹೊರಗೆ ಬಂದು, ಬಾಗಿಲಲ್ಲಿ ಟಿಕೆಟ್ ಹರಿಯುವ ಹೆಂಗಸನ್ನು, 'ಒಳಗೆ ಯಾರಾದ್ರೂ ಕೆಮ್ಮಿದ್ರಾ?' ಎಂದು ಕೇಳಿದೆ. 'ಇಲ್ಲಪ್ಪ, ನನಗೇನೂ ಕೇಳಿಸ್ಲಿಲ್ಲ,' ಎಂದು ಅವಳು ಚೂರುಗಳನ್ನು ಗುಡಿಸತೊಡಗಿದಳು. ಕೋಣೆಗೆ ಬಂದ ಮೇಲೆ ಅನುಮಾನ ಹತ್ತಿತು. ಬಿಕ್ಕಳಿಕೆ ಇರಬಹುದೇ? ಕುರ್ಚಿ ಕಿರುಗುಟ್ಟಿದ್ದೇ? ಕಿವಿಯ ಡಾಕ್ಟರಿಗೆ ತೋರಿಸಬೇಕೇ? ಓಗೊಟ್ಟದ್ದು ನಾನೇ ಇರಬಹುದೇ ಎಂದೂ ಯೋಚಿಸಿದೆ. ಅಷ್ಟಕ್ಕೆ ಬಂದಿತ್ತು ನನ್ನ ತಲೆ.

ನಿನ್ನೆ ಎರಡನೇ ಆಟಕ್ಕೆ ಪರದೆಗೆ ಬೆನ್ನು ಮಾಡಿದ ಹಾಗೆ ಓರೆಯಾಗಿ ಕೂತೆ, ಜನರ ಕಡೆ ನೋಡಿಕೊಂಡು. ಅಪ್ಪ ಕೇಳಿದರು. ಕೇಳುವುದಕ್ಕೂ ಕೆಳಗೆ ಅಕ್ಷರ ಬರುವುದಕ್ಕೂ ಸರಿಹೋಯಿತು, ಸಭಾಂಗಣವೆಲ್ಲ ಗೊಳ್ಳೆಂದಿತು. ಆ ನಗುವಿನಲ್ಲಿ ಯಾರು ಓಗೊಟ್ಟಿದ್ದರೂ ಏನು ಕೇಳಿಸೀತು? ಓಡಿದೆ ಪ್ರೊಜೆಕ್ಟರಿನವನ ಗೂಡಿಗೆ. 'ಅಕ್ಷರ ಹಿಂದೆ ಬೀಳ್ತಿತ್ತು ಸಾರ್, ಜನ ದೂರು ಹೇಳಿದ್ರು, ಎಳೆದು ಕೂರಿಸಿದ್ದೀನಿ. ಒಂದು ಥ್ಯಾಂಕ್ಸ್ ಹೇಳೋದು ಬಿಟ್ಟು ಮುಖ ಯಾಕೆ ಹಾಗೆ ಮಾಡ್ಕೊಂಡ್ರಿ?' ಎಂದ. ಒಳ್ಳೆಯ ಮನುಷ್ಯ, ಪಾಪ. 'ಹಿಂದೆ ಬಿದ್ದಿರ್ಲಿಲ್ಲ, ಹಿಂದೆ ಇಟ್ಟಿದ್ದು,' ಎಂದೆ. ನನ್ನ ಮಾತು ನಂಬಿದನೋ ಇಲ್ಲವೋ, ಚಿತ್ರೋತ್ಸವದ ಮೇಡಮ್ಮಿನ ಹತ್ತಿರ ಕಳಿಸಿದ.

ನನ್ನನ್ನು ನಿನಗೆ ಗೊತ್ತಲ್ಲ. ತಪ್ಪು ಚಿಲ್ಲರೆ ಕೊಟ್ಟ ಕಂಡಕ್ಟರನ್ನೂ ಕೇಳದೆ ಇಳಿದುಬರುವವನು. ಮೇಡಮ್ಮಿನ ಮೇಜಿನ ಮುಂದೆ ನಿಂತು, ಅಕ್ಷರ ಮೊದಲಿನ ಹಾಗೇ ತಡವಾಗಿ ಬರಲಿ ಎಂದು ಕೇಳಿದೆ. ಅವರು ಎಲ್ಲ ಕೇಳಿಸಿಕೊಂಡು, 'ನಾಳೆ ಕೊನೇ ಆಟ. ಬಹುಮಾನ ಕೊಡೋರು ಬಂದು ಕೂರ್ತಾರೆ. ಅಕ್ಷರ ತಡ ಆದ್ರೆ ಕೆಲಸ ಬರಲ್ಲ ಅಂದ್ಕೊಳ್ತಾರೆ. ನಿಮ್ಮ ತಂಗೀಗೆ ಫೋನ್ ಮಾಡಿ ಕೇಳ್ಲಾ?' ಎಂದರು. ನಿನ್ನನ್ನು ಗಾಬರಿ ಮಾಡಬಾರದೆಂದು ಡಾಕ್ಟರಮ್ಮ ಹೇಳಿದ್ದು ನೆನಪಾಯಿತು. 'ಬೇಡಿ. ಈ ಚೀಟೀಲಿ ನಿರ್ದೇಶಕಿ ಅಂತ ಇದೆಯಲ್ಲ, ಅವಳೇ ಬಂದು ಹೇಳಿದ್ಲು ಅಂದ್ಕೊಳ್ಳಿ,' ಎಂದುಬಿಟ್ಟೆ. ಅವರು ನಕ್ಕು, ಪ್ರೊಜೆಕ್ಟರಿನವನಿಗೆ ಹೇಳಿ ಕಳಿಸಿದರು. ಬಹುಮಾನ ತಪ್ಪಿದರೆ ಅದು ನನ್ನಿಂದ. ನೀನು ಬೈದರೆ ಬೈಸಿಕೊಳ್ಳುತ್ತೇನೆ, ಆದರೆ ಹೆರಿಗೆಯಾದ ಮೇಲೆ ಬೈ.

ಈಗ ಆಟಕ್ಕೆ ಹೊತ್ತಾಯಿತು. ಅಂಗಿ ಇಸ್ತ್ರಿ ಮಾಡಬೇಕು. ಅಂದು ಓಗೊಟ್ಟವರು ಬರದೇ ಹೋದರೆ? ಬುಧವಾರ ಬಂದು ನೋಡಿಕೊಂಡು ತಮ್ಮ ಊರಿಗೆ ಹೊರಟೇಹೋಗಿದ್ದರೆ?

ಸಂಜೆ

ಕೋಣೆಗೆ ಬಂದವನೇ ಬರೆಯಲು ಕೂತೆ.

ಕುರ್ಚಿಗಳು ಅರ್ಧಕ್ಕರ್ಧ ಖಾಲಿಯಿದ್ದವು. ಬಹುಮಾನದವರು ಮುಂದಿನ ಸಾಲಿನಲ್ಲಿ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಕೂತಿದ್ದರು. ನಾನು ನಡುವಿನ ದಾರಿಯ ಪಕ್ಕದ ಕುರ್ಚಿಯಲ್ಲಿ ಕೂತೆ, ಎದ್ದು ಓಡಲು ಸುಲಭವಾಗಲೆಂದು. ಅಪ್ಪ ಮಾತು ನಿಲ್ಲಿಸಿದರು. ನಮ್ಮ ಕಡೆ ನೋಡಿದರು. ಕೇಳಿದರು. ಕೆಳಗೆ ಅಕ್ಷರವಿಲ್ಲ, ಎಲ್ಲೂ ಸದ್ದಿಲ್ಲ. ಒಬ್ಬರೂ ಓಗೊಡಲಿಲ್ಲ. ಅಪ್ಪ ಕಾಯುತ್ತಿದ್ದಾರೆ, ಪುಟ್ಟೀ, ಅವರ ಹುಬ್ಬು ಮೇಲೇರಿದೆ, ಆ ಹುಬ್ಬು ನೋಡಲು ನನ್ನಿಂದಾಗಲಿಲ್ಲ. ಅಂದು ಮೈಕಿನ ಕೋಲು ಹಿಡಿದು ತಡೆದಿದ್ದ ಉಸಿರನ್ನು ಇವತ್ತು ಒಳಗೆಳೆದೆ. ಸಭಾಂಗಣಕ್ಕೆಲ್ಲ ಕೇಳುವ ಹಾಗೆ ಓಗೊಟ್ಟೆ. ಬಹುಮಾನದವರೊಬ್ಬರು ತಿರುಗಿ ನೋಡಿದರು. ಅಷ್ಟರಲ್ಲಿ ಹಿಂದೆ, ಬಾಗಿಲ ಪರದೆಯ ಹತ್ತಿರದಿಂದ, ಇನ್ನೊಂದು ಗಂಟಲು ಉಸಿರನ್ನು ಒಳಗೆಳೆದುಕೊಂಡಿತು.

ಟಿಕೆಟ್ ಹರಿಯುವ ಹೆಂಗಸು. ಒಂದೊಂದು ಕುರ್ಚಿಯನ್ನೂ ಹುಡುಕಿದವನು ಬಾಗಿಲ ಕಡೆ ನೋಡಿರಲಿಲ್ಲ. ಟಾರ್ಚು ಎದೆಗವಚಿಕೊಂಡು ನಿಂತಿದ್ದಳು. ನಾನು ಹತ್ತಿರ ಹೋದರೆ, 'ಬೈಬೇಡಿಪ್ಪ, ಅದು ತಾನಾಗೇ ಬಂದುಬಿಡುತ್ತೆ,' ಎಂದಳು. ಆಟ ಮುಗಿದ ಮೇಲೆ ಹಿಂದಿನ ಓಣಿಯಲ್ಲಿ, ಒಂದರ ಮೇಲೊಂದು ಪೇರಿಸಿದ ಕುರ್ಚಿಗಳ ಪಕ್ಕ ಕೂತೆವು. ಅವಳಿಗೆ ನನಗಿಂತ ಹೆಚ್ಚು ವಯಸ್ಸು, ತಲೆ ಪೂರ್ತಿ ಬೆಳ್ಳಗಿದೆ. ನಾನು ನಮ್ಮ ಮಾತಿನಲ್ಲಿ ಎಷ್ಟೊಂದು ಹೇಳಿದೆನೋ ನನಗೇ ತಿಳಿಯದು. ಕಟ್ಟೆ ಒಡೆದ ಹಾಗೆ ಬಂತು. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಕೊನೆಗೆ ಶಾಲೆಯ ಭಾಷೆಯಲ್ಲಿ, 'ನನಗೆ ಒಂದು ಮಾತೂ ಗೊತ್ತಾಗ್ಲಿಲ್ಲಪ್ಪ,' ಎಂದಳು.

ಹಾಲುಹಲ್ಲು ಬೀಳುವ ಮೊದಲೇ ಅವಳನ್ನು ಯಾರದೋ ಮನೆಯಲ್ಲಿ ಮಗು ಆಡಿಸಲು ಬಿಟ್ಟುಹೋದರಂತೆ. ಯಾರು ಬಿಟ್ಟರು, ಯಾವ ಊರು, ಏನೂ ನೆನಪಿಲ್ಲ. ನೀರಿಗೆ ನಾವೇನನ್ನುತ್ತೇವೆಂದು ಹೇಳಿದೆ, ಗೊತ್ತಿಲ್ಲವೆಂದು ತಲೆಯಾಡಿಸಿದಳು. ಬೆಂಕಿಗೆ, ಇಲ್ಲ. ಅಮ್ಮನಿಗೆ ಏನನ್ನುತ್ತೇವೆಂದು ಹೇಳಿದೆ. ಅದಕ್ಕೂ ಇಲ್ಲ ಎಂದಾಗ ನಾನು ಗೋಡೆಯ ಕಡೆ ನೋಡಿದೆ. 'ಅವರು ನಿಲ್ಲಿಸಿ ಈ ಕಡೆ ನೋಡಿದ್ರಲ್ಲ, ನನ್ನ ಗಂಟಲು ಎಳ್ಕೊಂಡುಬಿಡ್ತು. ಅವರು ಕೇಳಿದ್ದೇನು ಅಂತ ಅಕ್ಷರ ಬಂದ ಮೇಲೇನೇ ನನಗೆ ಗೊತ್ತಾಗಿದ್ದು,' ಎಂದಳು. ಯಾವುದೋ ಹೆಂಗಸಿನ ತೊಡೆ, ಹೊಗೆಯ ವಾಸನೆ, ನಿದ್ದೆ ಬರುವವರೆಗೂ ಹೀಗೆ ಉಸಿರೆಳೆಯುತ್ತಿದ್ದದ್ದು, ಅಷ್ಟೇ ಅವಳ ಹತ್ತಿರ ಇರುವುದು.

ಎದ್ದುಬರಲು ಮನಸ್ಸಾಗಲಿಲ್ಲ. ಹೇಗೂ ಅರ್ಥವಾಗದು ಎಂದುಕೊಂಡು ಗೂಬೆಯ ಕಥೆ ಶುರುಮಾಡಿದೆ, ಅಪ್ಪ ಹೇಳುವ ಹಾಗೆಯೇ. ಪುಟ್ಟೀ, ಅವಳು ಓಗೊಟ್ಟಳು. ಎಲ್ಲಿ ಎಳೆಯಬೇಕೋ ಅಲ್ಲೇ ಎಳೆದಳು. ಒಂದು ಕಡೆಯೂ ತಪ್ಪಲಿಲ್ಲ. ಎಷ್ಟೋ ದಿನಗಳ ಮೇಲೆ ನನ್ನ ಮಾತು ಅರ್ಧಕ್ಕೆ ನಿಲ್ಲಲಿಲ್ಲ. ಅತ್ತ ಬಹುಮಾನ ಕೊಟ್ಟು ಮುಗಿಸಿದ್ದರು. ನಮಗಲ್ಲ. ಅಜ್ಜಿಯ ದೋಣಿಗೆ ಬಂತು, ನಾನು ಹೋಗಿ ಉಪ್ಪಿನ ಡಬ್ಬಿ ಕೈಯಲ್ಲಿ ಹಿಡಿಸಿ ಬಂದೆ, ಅವಳು ಬಹಳ ನಕ್ಕಳು.

ನಾಳೆ ಬಸ್ಸು ಹತ್ತುತ್ತೇನೆ. ಭಾವನಿಗೆ ನನ್ನ ನಮಸ್ಕಾರ, ಸ್ಟೂಲಿನ ವಿಷಯ ಮತ್ತೊಮ್ಮೆ ಜ್ಞಾಪಿಸು. ಹೊಟ್ಟೆಯೊಳಗಿರುವವರಿಗೆ ಮಾವನ ಮುತ್ತು. ಸುಖವಾಗಿ ಹೆತ್ತು ಕೈಗೆ ಕೊಡು, ಉಳಿದ ಚಿಂತೆಯೆಲ್ಲ ಮಾಡಲು ನಾನಿದ್ದೇನೆ.

ನಿನ್ನ
ಅಣ್ಣ

ಮರೆತಿದ್ದೆ, ಬರೆಯಬೇಕಾದದ್ದೇ ಇದು. ಅಪ್ಪ ಇವತ್ತಿಗೆ ಸಾಕು ಎಂದು ಎದ್ದು ಒಳಗೆ ಹೋಗುವಲ್ಲಿಗೆ ಚಿತ್ರ ಮುಗಿಯುತ್ತದಲ್ಲ, ನಾನೂ ಅಲ್ಲಿಯವರೆಗೇ ಹೇಳಿದೆ. ಗೂಬೆ ನದಿಯ ದಡಕ್ಕೆ ಬಂದು ನನ್ನ ನಿದ್ದೆ ವಾಪಸು ಕೊಡು ಎಂದು ಕೇಳಿತು. ಅವಳು ಓಗೊಟ್ಟು ಕಾಯುತ್ತಾ ಕೂತಳು. ಉಳಿದದ್ದು ಮುಂದಿನ ತಿಂಗಳು ಬಂದು ಹೇಳುತ್ತೇನೆಂದು ಮಾತು ಕೊಟ್ಟುಬಂದಿದ್ದೇನೆ. ಆದರೆ ಉಳಿದದ್ದು ನನಗೆ ಗೊತ್ತಿಲ್ಲ. ಚಿಕ್ಕವರಿದ್ದಾಗ ನಾನು ಅಷ್ಟು ಹೊತ್ತಿಗೆ ನಿದ್ದೆ ಹೋಗಿರುತ್ತಿದ್ದೆ, ಎಚ್ಚರ ಇರುತ್ತಿದ್ದವಳು ನೀನೊಬ್ಬಳೇ. ಇಲ್ಲ, ನೆನಪಿಲ್ಲ ಎಂದು ಮಾತ್ರ ಬರೆಯಬೇಡ. ಎಡ ಮಗ್ಗುಲಿಗೆ ಮಲಗಿ ನಿಧಾನವಾಗಿ ಯೋಚಿಸು. ನದಿ ಏನು ಹೇಳಿತು?