ಕಿಟಕಿ ಪಕ್ಕದಲ್ಲಿ ಉಳಿದವಳು

ಫ್ರೆಸ್ನೊ
ಅಕ್ಟೋಬರ್ ೧೯

ಮುದ್ದಿನ ಪಾಕೂ,

ಮೊಣಕಾಲೊಂದನ್ನು ಬಿಟ್ಟರೆ ನಾನು ಕ್ಷೇಮ. ಉತ್ತರ ತಡವಾಯಿತು, ನಿನಗೆ ಕೋಪ ಬಂದಿದ್ದರೆ ಅದೂ ನ್ಯಾಯವೇ.

ಎರಡು ವರ್ಷ ನಮ್ಮೂರ ಕಮ್ಯೂನಿಟಿ ಕಾಲೇಜಿನಲ್ಲಿ ಓದಿ, ಮೂರನೇ ವರ್ಷಕ್ಕೆ ಕಡಲ ತೀರದ ಯೂನಿವರ್ಸಿಟಿ ಸೇರಿದವಳು, "ಊಟ ಸೇರಲ್ಲ, ಪಾಠ ತಲೆಗೇರಲ್ಲ, ಬಿಟ್ಟು ಬಂದ್ಬಿಡ್ತೀನಿ" ಎಂದು ಫೋನಿನಲ್ಲಿ ಅತ್ತಿದ್ದೆಯಲ್ಲ, ಅದರ ಮರುದಿನದ ಸಂಗತಿ ಇದು. ನಿನ್ನ ಹಳೇ ಕಾಲೇಜಿನ ಕ್ಯಾಂಟೀನಿನಲ್ಲಿ ಎಂದಿನಂತೆ ನೂಡಲ್ಸ್ ಬಡಿಸುತ್ತಿದ್ದೆ. ನಿನ್ನ ಗಣಿತದ ಮೇಡಂ ಬಂದು, "ನಿಮ್ಮ ಮಗಳು ಇನ್ನೂ ಹೋಗಿಲ್ವಾ? ದಿನಾ ಕಿಟಕಿ ಪಕ್ಕ ಕೂತಿರ್ತಾಳೆ. ಕರೆದ್ರೆ ಮಾತ್ರ ತಿರುಗಿ ನೋಡಲ್ಲ" ಎಂದರು. ಸೌಟು ಕೈಯಲ್ಲೇ ನಿಂತಿತು.

ನಮ್ಮ ಹ್ಮೊಂಗ್ ಜನರ ಆತ್ಮ ಕರೆಯುವ ಬೂ ಷೊಂಗ್ ಅಜ್ಜನ ಬಳಿ ಓಡಿದೆ. ಕೊತ್ತಂಬರಿ ಮಡಿಗೆ ನೀರು ಬಿಡುತ್ತಲೇ ಕೇಳಿದ: "ಏನ್ ಸೊಸೇ, ಊರು ಬಿಡೋ ಮುಂಚೆ ಮಗಳ ಆತ್ಮ ಕರೆದ್ಯಾ?"

"ಕರೆದೆ ಅಜ್ಜ, ಮನೆ ಬಾಗಿಲಲ್ಲೇ ನಿಂತು."

"ಅವಳು ಮನೇಲಿ ಯಾವಾಗಿದ್ಲು? ಕಾಲೇಜಲ್ಲೇ ಬಿದ್ದಿರ್ತಿದ್ಲು. ಬಟ್ಟೆ ತಗೊಂಡ್ಲು, ಅಂಕಪಟ್ಟಿ ತಗೊಂಡ್ಲು, ಆತ್ಮ ಮರೆತು ಬಸ್ ಹತ್ಕೊಂಡ್ಲು! ಹೋಗು, ಅಲ್ಲಿಂದ ಕರ್ಕೊಂಬಾ."

ಅನ್ನ, ಮೊಟ್ಟೆ, ಊದುಬತ್ತಿ ಹಿಡಿದು ಸಂಜೆ ನಿನ್ನ ತರಗತಿಯ ಬಾಗಿಲಲ್ಲಿ ನಿಂತೆ. ಕಾವಲಿನವನು, "ಅಕ್ಕಾ, ಇಲ್ಲಿ ಹೊಗೆ ಹಾಕಂಗಿಲ್ಲ, ಬೆಂಕಿ ಗಂಟೆ ಹೊಡ್ಕೊಳ್ಳುತ್ತೆ" ಎಂದ. ಹಚ್ಚದ ಊದುಬತ್ತಿಯನ್ನೇ ಹಿಡಿದು ನಿನ್ನ ಹೆಸರು ಕರೆದೆ. ಖಾಲಿ ಕೋಣೆಯಲ್ಲಿ ಕುರ್ಚಿಯೊಂದು ಸರಿದ ಸದ್ದು. ಅವನು ಟೋಪಿ ತೆಗೆದು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ.

ಕಾರಿನಲ್ಲಿ ಪಕ್ಕದ ಖಾಲಿ ಸೀಟು ಬೆಲ್ಟು ಹಾಕು, ಬೆಲ್ಟು ಹಾಕು ಎಂದು ಕೂಗುತ್ತಲೇ ಇತ್ತು. ನಾನೇ ಬಗ್ಗಿ ಹಾಕಿದೆ. ಸುಮ್ಮನಾಯಿತು.

ಶನಿವಾರ ಬಾ. ಅಜ್ಜ ನಿನ್ನ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿದರೆ ನನ್ನೊಡನೆ ಮನೆಗೆ ಬಂದ ಆ ಕಿಟಕಿ ಪಕ್ಕದವಳು ನಿನ್ನೊಳಗೆ ಸೇರಿಕೊಳ್ಳುತ್ತಾಳಂತೆ. ಆಮೇಲೆ ಹಸಿವೂ ಹತ್ತುತ್ತದೆ, ಗಣಿತವೂ ಹತ್ತುತ್ತದೆ. ಹಿರಿಯರು ನಿನ್ನ ದಾರಿ ಕಾಯಲಿ. ನೂರು ಹೊಸಿಲು ದಾಟು ಮಗಳೇ, ದಾಟುವಾಗೆಲ್ಲ ಇಡಿಯಾಗಿ ದಾಟು.

ನಿನ್ನ ಅಮ್ಮ,
ಯೂಆ

ತಾ.ಕ.: ಅವಳು ಚೆನ್ನಾಗಿ ಉಣ್ಣುತ್ತಾಳೆ. ನೀನು ಕಾಲೇಜು ಸೇರಿದ ಮೇಲೆ ಎಂದೂ ಕೂರದಷ್ಟು ಹೊತ್ತು ನನ್ನ ಪಕ್ಕ ಕೂತು ಬಟಾಣಿ ಬಿಡಿಸುತ್ತಾಳೆ. ನಿನ್ನೆ, "ಅಮ್ಮಾ, ನಾನಿನ್ನು ಹೋಗ್ಲಾ?" ಎಂದು ಕೇಳಿದಳು. ಕೇಳಿಸದವಳಂತೆ ಇದ್ದುಬಿಟ್ಟೆ. ಶನಿವಾರದವರೆಗೆ ಕಾಯಬೇಡ, ಕಾಗದ ಸಿಕ್ಕ ಕೂಡಲೇ ಹೊರಡು. ಇನ್ನೊಮ್ಮೆ ಕೇಳಿದರೆ ಬೇಡ ಅಂದುಬಿಡುತ್ತೇನೆ.