ಬಿಸಿಲು ಬಾರದ ಮನೆ

ಡಿಸೆಂಬರ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಗುಂಡನ ನಮಸ್ಕಾರ. ನಿನ್ನ ಎರಡು ಕಾಗದಗಳೂ ಕೈಸೇರಿವೆ. ಉತ್ತರ ಬರೆಯಲು ತಡವಾಯಿತು, ಬೈಯಬೇಡ. ಬೈಯಬೇಕೆನಿಸಿದರೆ ಬೈದುಬಿಡು, ನಿನ್ನ ಬೈಗುಳ ಕೇಳಿಯೂ ಬಹಳ ದಿನವಾಯಿತು. ಭಾವನ ಕಾಲಿನ ಪಟ್ಟಿ ಬಿಚ್ಚಿದರೇ? ಕೋಲು ಹಿಡಿದಾದರೂ ನಾಲ್ಕು ಹೆಜ್ಜೆ ಹಾಕುತ್ತಿದ್ದಾರೆಯೇ?

ಇವಳ ವಿಷಯ ಕೇಳಿದ್ದೀಯ. ಹೋದ ವರ್ಷದ ಹಾಗೇ ಈ ವರ್ಷವೂ ಹಗಲು ಗಿಡ್ಡವಾಗುತ್ತ ಬಂದಂತೆ ಇವಳೂ ಕುಗ್ಗುತ್ತ ಬಂದಳು. ಪುಸ್ತಕದ ಬೈಂಡಿಂಗ್ ಕೆಲಸಕ್ಕೆ ರಜೆ ಹಾಕಿ ಆರು ವಾರವಾಯಿತು. ಅಂದಿನಿಂದ ಹೊಸ್ತಿಲು ದಾಟಿದ್ದೇ ಅಪರೂಪ. ತಲೆ ಬಾಚಿಕೊಳ್ಳುವುದೂ ಅವಳಿಗೆ ಬೆಟ್ಟ ಹತ್ತಿದಷ್ಟು ಆಯಾಸ. ಡಾಕ್ಟರಮ್ಮ ಮಾತ್ರೆ ಬದಲಾಯಿಸಿದರು. "ಕೆಲವರಿಗೆ ಈ ಮಂಕು ತಿಂಗಳುಗಳು ಹೀಗೇ ಮಾಡ್ತವೆ. ಮಾತ್ರೆ ತಪ್ಪಿಸಬೇಡಿ. ಮನೇನ ಬೆಚ್ಚಗಿಡಿ, ಬೆಳಕಾಗಿಡಿ," ಎಂದರು.

ಹೇಳುವುದು ಸುಲಭ ಅಕ್ಕಾ. ನಮ್ಮ ಮನೆ ನೀನು ನೋಡಿದ್ದೀಯಲ್ಲ, ನೆಲಮಾಳಿಗೆಗಿಂತ ಒಂದು ಮೆಟ್ಟಿಲು ಮೇಲೆ. ಈಗ ಎದುರಿಗೆ ಇನ್ನೊಂದು ಕಟ್ಟಡ ಎದ್ದು ಇದ್ದಬದ್ದ ಬಿಸಿಲನ್ನೂ ನುಂಗಿದೆ. ಅಡುಗೆಮನೆಗೆ ಹನ್ನೊಂದಕ್ಕೆ ಬರುವ ಬಿಸಿಲು ಹನ್ನೆರಡೂಕಾಲಿಗೆ ಹೊರಟುಬಿಡುತ್ತದೆ, ಅವಸರದ ನೆಂಟನ ಹಾಗೆ.

ಆದರೂ ಟೊಂಕ ಕಟ್ಟಿ ನಿಂತೆ. ಊರವರ ಮನೆಗೆಲ್ಲ ಪರದೆ ಹೊಲಿಯುವವನು ನನ್ನ ಮನೆಗೆ ಮಾಡದಿದ್ದರೆ ಹೇಗೆ? ಅಂಗಡಿಯ ಯಜಮಾನರು ಮಖಮಲ್ಲಿನ ತುಂಡುಗಳನ್ನು ಕೊಟ್ಟರು. ಐದು ಬಣ್ಣ ಜೋಡಿಸಿ ಬಾಗಿಲಿಗೆ ದಪ್ಪನೆಯ ಪರದೆ ಹೊಲಿದೆ. ಬಾಗಿಲ ಕೆಳಗಿಂದ ಗಾಳಿ ನುಗ್ಗುತ್ತಿತ್ತು, ಅಲ್ಲಿಗೆ ಉದ್ದನೆಯ ಚೀಲ ಹೊಲಿದು ಮರದ ಹೊಟ್ಟು ತುಂಬಿದೆ. ಮಗಳು ಅದಕ್ಕೆ ಎರಡು ಗುಂಡಿ ಹೊಲಿದು ಕಣ್ಣು ಮಾಡಿ 'ಕಾವಲುಗಾರ' ಎಂದು ಹೆಸರಿಟ್ಟಿದ್ದಾಳೆ. ಗುಂಯ್ ಎನ್ನುತ್ತಿದ್ದ ಟ್ಯೂಬ್‌ಲೈಟ್ ಕಿತ್ತುಹಾಕಿ ಮೂಲೆಮೂಲೆಗೂ ಹಳದಿ ಬಲ್ಬು ಹಾಕಿದೆ. ಬೀರುವಿನ ಕನ್ನಡಿ ಬಿಚ್ಚಿ ಅಡುಗೆಮನೆಯ ಕಿಟಕಿಯೆದುರು ನಿಲ್ಲಿಸಿದೆ, ಆ ಒಂದೂಕಾಲು ಗಂಟೆಯ ಬಿಸಿಲು ನಡುಮನೆಗೂ ಬೀಳಲಿ ಎಂದು. ಎರಡು ಭಾನುವಾರ ಏಣಿ ಹತ್ತಿ ಗೋಡೆಗೆ ಹಳದಿ ಬಳಿದೆ. ಡಬ್ಬದ ಮೇಲೆ ತಿಳಿಹಳದಿ ಎಂದು ಬರೆದಿತ್ತು, ಒಣಗಿದ ಮೇಲೆ ನೋಡಿದರೆ ಕಣ್ಣಿಗೆ ಹೊಡೆಯುತ್ತದೆ. "ಅಪ್ಪಾ, ನಿಂಬೆಹಣ್ಣಿನೊಳಗೆ ಕೂತ ಹಾಗಿದೆ!" ಎಂದಳು ಮಗಳು. ಮೇಲಿನ ಮನೆಯ ಅಜ್ಜಿ ಬಗ್ಗಿ ನೋಡಿ, "ಯಾರಿಗಪ್ಪಾ ಮದುವೆ?" ಎಂದು ಕೇಳಿಬಿಟ್ಟರು.

ಇವಳು ಮಂಚದ ಮೇಲಿಂದ ಸುತ್ತ ಕಣ್ಣಾಡಿಸಿ, "ಚೆನ್ನಾಗಿದೆ," ಎಂದಳು. ಬೇರೆಯವರ ಮನೆಗೆ ಹೋದಾಗ ನಾವು ಹೇಳುತ್ತೇವಲ್ಲ, ಹಾಗೆ.

ಒಂದು ದಿನ ಮಾತ್ರ, ಕನ್ನಡಿಯಿಂದ ಬಂದ ಬಿಸಿಲಿನ ತುಂಡು ಅವಳ ಹೊದಿಕೆಯ ಮೇಲೆ ಬಿತ್ತು. ಕೈ ಹೊರತೆಗೆದು ಅದರಲ್ಲಿ ಇಟ್ಟುಕೊಂಡಳು. ಅದು ಸರಿದ ಹಾಗೆ ಕೈಯನ್ನೂ ಸರಿಸಿದಳು. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ಇನ್ನೇನು ಗೆದ್ದೆ ಎಂದುಕೊಂಡೆ. ಮಾರನೇ ದಿನ ಮತ್ತೆ ಗೋಡೆಯ ಕಡೆಗೆ ತಿರುಗಿ ಮಲಗಿದಳು. "ಇವತ್ತೂ ಬಿಸಿಲು ಬಂದಿದೆ ನೋಡೇ," ಎಂದರೆ, "ನೀವು ಏನು ಮಾಡಿದ್ರೂ ಅಷ್ಟೇರೀ. ಸುಮ್ನೆ ಸುಸ್ತಾಗ್ತೀರ," ಎಂದಳು. ಕೋಪದಲ್ಲಿ ಅಂದದ್ದಲ್ಲ, ಕನಿಕರದಲ್ಲಿ. ನನಗೆ ಅದನ್ನೇ ತಡೆಯಲಾಗಲಿಲ್ಲ.

ಮಗಳು ಶಾಲೆಗೆ ಸರಿಯಾಗಿ ಹೋಗುತ್ತಿದ್ದಾಳೆ. ಈಗ ತನ್ನ ಜಡೆ ತಾನೇ ಹೆಣೆದುಕೊಳ್ಳುತ್ತಾಳೆ, ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಅಡುಗೆ ನನ್ನದೇ. ಉಪ್ಪು ಹೆಚ್ಚಾದರೂ ಇಬ್ಬರೂ ತುಟಿ ಬಿಚ್ಚುವುದಿಲ್ಲ. ಒಟ್ಟಿನಲ್ಲಿ ಹೇಗೋ ನಡೆಯುತ್ತಿದೆ. ನೀನು ಗಾಬರಿಬಿದ್ದು ಓಡಿಬರಬೇಡ, ಭಾವನನ್ನು ನೋಡಿಕೋ. ಹಗಲು ಉದ್ದವಾದರೆ ಎಲ್ಲ ಸರಿಹೋಗುತ್ತದೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ನನ್ನ ಮುದ್ದು. ದೊಡ್ಡವಳು ನೀನು, ನಮ್ಮ ಮೂವರನ್ನೂ ಮನಸ್ಸಿನಲ್ಲೇ ಒಂದು ಸಲ ಹರಸಿಬಿಡು.

ನಿನ್ನ ತಮ್ಮ,
ಗುಂಡ

ತಾ.ಕ.: ಕಾಗದ ಮಡಿಸುವ ಮುಂಚೆ ಓದಿ ನೋಡಿದೆ. ಬರೆದದ್ದೆಲ್ಲ ನಿಜ, ಆದರೆ ಮುಖ್ಯವಾದದ್ದನ್ನೇ ಮುಚ್ಚಿಟ್ಟಿದ್ದೇನೆ. ಹತ್ತು ದಿನದಿಂದ ನಾನು ಕೆಲಸ ಮುಗಿದರೂ ಮನೆಗೆ ಹೋಗುತ್ತಿರಲಿಲ್ಲ ಅಕ್ಕಾ. ಮಗಳನ್ನು ಮೇಲಿನ ಮನೆಯ ಅಜ್ಜಿಯ ಹತ್ತಿರ ಓದಲು ಕೂರಿಸಿ, ಓವರ್‌ಟೈಮ್ ಎಂದು ಸುಳ್ಳು ಹೇಳಿ, ಅಂಗಡಿಯ ಹಿಂದೆ, ಕೀಲಿ ನನ್ನ ಬಳಿಯೇ ಇರುವ ಗೋದಾಮಿನಲ್ಲಿ ದೀಪ ಆರಿಸಿ ಬಟ್ಟೆಯ ಥಾನುಗಳ ಮೇಲೆ ಕೂತಿರುತ್ತಿದ್ದೆ. ಅರ್ಧ ಗಂಟೆ, ಒಂದೊಂದು ದಿನ ಒಂದು ಗಂಟೆ. ನಾನೇ ಬೆಳಕು ಮಾಡಿದ ಮನೆಗೆ ಹೋಗಲು ನನಗೇ ಕಾಲು ಬರುತ್ತಿರಲಿಲ್ಲ.

ಗುರುವಾರ ಸಂಜೆ ಗೋದಾಮಿನ ಬಾಗಿಲು ತೆರೆಯಿತು. ಇವಳು! ಸ್ವೆಟರ್ ಒಳಮೈ ಹೊರಗಾಗಿತ್ತು, ಕಾಲಲ್ಲಿ ನನ್ನ ಚಪ್ಪಲಿ. ಯಜಮಾನರು ದಿನಾ ಐದೂವರೆಗೇ ಅಂಗಡಿಗೆ ಬೀಗ ಹಾಕುತ್ತಾರೆಂದು ಅಜ್ಜಿಯ ಬಾಯಲ್ಲಿ ಕೇಳಿ ಹುಡುಕಿಕೊಂಡು ಬಂದಿದ್ದಳು. ನಾನು ಸ್ವಿಚ್ಚಿಗೆ ಕೈ ಚಾಚಿದೆ.

"ಬೇಡ, ಹಾಕ್ಬೇಡಿ. ಸ್ವಲ್ಪ ಸರೀರಿ," ಎಂದು ಪಕ್ಕದಲ್ಲಿ ಕೂತಳು. ಕಾಲು ಮಡಚಿಕೊಂಡು, "ಮನೆಗೆ ಬರೋಕೆ ಭಯ ಆಗುತ್ತಾ?" ಎಂದು ಕೇಳಿದಳು.

"ಹೂಂ," ಎಂದೆ.

"ನಂಗೂ ಅಷ್ಟೇ. ನೀವು ಏಣಿ ಹತ್ತಿದಾಗೆಲ್ಲ, ಇವತ್ತಾದ್ರೂ ನಗಬೇಕಲ್ಲಾ ಅಂತ ಭಯ."

ನಾನು ಅತ್ತುಬಿಟ್ಟೆ. ಅಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ, ನಿನಗೆ ಗೊತ್ತು. ಅವಳು ನನ್ನ ತೋಳು ಹಿಡಿದುಕೊಂಡು ಕೂತಿದ್ದಳು. ಅವಳಿಗೇನೂ ವಾಸಿಯಾಗಿಲ್ಲ. ಇವತ್ತೂ ಮಲಗೇ ಇದ್ದಾಳೆ. ಆದರೆ ಅವತ್ತು ದಾರಿಯಲ್ಲಿ ಒಂದು ಮಾತು ಹೇಳಿದಳು: "ಅಕ್ಕಂಗೆ ಬರೋಕೆ ಬರೀರಿ. ನನ್ನ ನೋಡ್ಕೊಳ್ಳೋಕೆ ಅಂತ ಬರೀಬೇಡಿ. ನಿಮ್ಮನ್ನ ನೋಡ್ಕೊಳ್ಳೋಕೆ ಅಂತ ಬರೀರಿ."

ಮೂರು ದಿನ ಕಳೆದರೂ ಬರೆಯಲು ಕೈ ಬಂದಿರಲಿಲ್ಲ. ಈಗ ಬರೆಯುತ್ತಿದ್ದೇನೆ. ಭಾವ ಒಪ್ಪಿದರೆ ಒಂದು ಹತ್ತು ದಿನ ಬಾ ಅಕ್ಕಾ. ನನಗೋಸ್ಕರ.