ಎರಡು ಧ್ರುವಗಳ ಚಳಿ

12-3-1985, ಮಂಗಳವಾರ

ಅಂಗಾಲು ಇನ್ನೂ ಉರಿಯುತ್ತಿದೆ. ಎರಡೂ ಧ್ರುವಗಳಲ್ಲಿ ಒಂದೇ ಚಳಿ ಎಂದು ಭೂಗೋಳದ ಸರ್ ಇವತ್ತು ಕಲಿಸಿದರು. ನಾನು ಎದ್ದು ನಿಂತೆ. “ಇಲ್ರೀ ಸರ್, ದಕ್ಷಿಣದಾಗ ಹೆಚ್ಚು. ಉತ್ತರದಾಗ ಬರ್ಫದ ಕೆಳಗ ಸಮುದ್ರ ಐತ್ರಿ, ನೀರು ಕಾವು ಕೊಡತೈತಿ. ದಕ್ಷಿಣದಾಗ ಇರೂದು ಎತ್ತರದ ನೆಲಾ ರೀ.”

“ಸಾವಕ್ಕ ಹೋಗಿ ನೋಡಿ ಬಂದಾಳ ನೋಡ್ರಲೇ!” ಎಂದರು ಸರ್. ಎಲ್ಲರೂ ನಕ್ಕರು.

ಮಧ್ಯಾಹ್ನದ ಬಿಸಿಲಲ್ಲಿ ಅಂಗಳದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲಿಸಿದರು. ಬಾಗಿಲಿಂದ ಆಗಾಗ ಕೇಳುತ್ತಿದ್ದರು: “ಎಲ್ಲಿ ಚಳಿ ಹೆಚ್ಚ ಬೇ?”

ಮೊದಮೊದಲು ದಕ್ಷಿಣ ಎಂದೆ. ಅಂಗಾಲಲ್ಲಿ ಬೊಬ್ಬೆ ಎದ್ದ ಮೇಲೆ, “ಎರಡೂ ಕಡೆ ಒಂದ ರೀ” ಎಂದೆ.

“ಈಗ ಶಾಣ್ಯಾಕಿ ಆದಿ,” ಎಂದು ತಲೆ ಸವರಿದರು. ಬಿಸಿಲಿಗಿಂತ ಆ ಕೈ ಸುಟ್ಟಿತು.

ಹತ್ತಿ ಬಿಡಿಸಿ ಬಂದ ಅವ್ವ ಎಣ್ಣೆ ಹಚ್ಚುತ್ತ ಬೈದಳು: “ಮಾಸ್ತರಗ ಎದುರ ಮಾತಾಡತಾರೇನ?”

ನಾಳೆಯ ಪರೀಕ್ಷೆಗೆ ಇದೇ ಪ್ರಶ್ನೆಯಂತೆ. ಉತ್ತರವನ್ನು ಬರೆದು ಬರೆದು ಬಾಯಿಪಾಠ ಮಾಡುತ್ತಿದ್ದೇನೆ. ಪ್ರತಿ ಸಲವೂ ಕೈ ಇಲ್ಲಿಗೇ ನಿಲ್ಲುತ್ತದೆ: ಎರಡೂ ಧ್ರುವಗಳಲ್ಲಿ